ಮ್ಯೂನಿಕ್‌ನಲ್ಲಿ ಮೂರು ಗಂಟೆ, ಬಸವನಗುಡಿಯಲ್ಲಿ ಆರೂವರೆ

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ 23 ವರ್ಷ. ಎಂ.ಎಸ್. ಓದೋಕೆ ಅಂತ ಸೆಪ್ಟೆಂಬರ್ ಕೊನೆಯ ಶನಿವಾರ ಜರ್ಮನಿಯ ಮ್ಯೂನಿಕ್‌ಗೆ ಹೋದಳು. ಇಲ್ಲಿಂದ ರಾತ್ರಿ ಮೂರು ಗಂಟೆಯ ವಿಮಾನ. ಅಲ್ಲಿ ಬೆಳಿಗ್ಗೆಯೇ ಇಳಿದಳು. ಮೊದಲ ದಿನ ಮಧ್ಯಾಹ್ನ ಮೂರಕ್ಕೆ ಮಲಗಿದವಳು ಎದ್ದಿದ್ದು ಸಂಜೆ ಏಳೂವರೆಗೆ. ರಾತ್ರಿ ಬಹಳ ಹೊತ್ತು ನಿದ್ದೆ ಇಲ್ಲ. ಆಮೇಲೆ ಬೆಳಗಿನ ಜಾವ 2.45ಕ್ಕೇ ಎಚ್ಚರ. ಭಾನುವಾರ ಅಲ್ಲಿ ಅಂಗಡಿ ಎಲ್ಲ ಮುಚ್ಚಿತ್ತಂತೆ. ನಾನು ಕಟ್ಟಿಕೊಟ್ಟ ಚಕ್ಕುಲಿ, ಗೊಜ್ಜವಲಕ್ಕಿಯಲ್ಲೇ ದಿನ ಕಳೆದಳು. ಊರು ನೋಡೋಣ ಅಂತ ಮರೀಯೆನ್‌ಪ್ಲಾಟ್ಸ್ ಅನ್ನೋ ಚೌಕಕ್ಕೆ ಹೋಗಿ, ಅಲ್ಲಿಯ ಗಡಿಯಾರದ ಗೊಂಬೆಗಳು ಕುಣಿಯೋದನ್ನ ನೋಡುತ್ತಾ ನಿಂತಲ್ಲೇ ತೂಕಡಿಸಿದಳಂತೆ. ಸೋಮವಾರ ರೈಲಿನಲ್ಲಿ ಸರ್ಟಿಫಿಕೇಟ್ ಫೈಲ್ ಬಿಟ್ಟು ಇಳಿದಳು. ಪುಣ್ಯಕ್ಕೆ ಯಾರೋ ಕೂಗಿ ಕೊಟ್ಟರು. ಮಂಗಳವಾರ ಸೈಕಲ್‌ನವನೊಬ್ಬ ಗುದ್ದುವುದರಲ್ಲಿದ್ದ, ಬೈದು ಹೋದ. 'ಅಮ್ಮಾ, ನನ್ನ ತಲೆಗೆ ಏನೋ ಆಗಿದೆ, ಏನೂ ನೆನಪಿರಲ್ಲ' ಅಂತ ಅಳುತ್ತಾಳೆ. ಅವಳಿಗೆ ಥೈರಾಯ್ಡ್ ಇದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ಅದು ತಪ್ಪಬಾರದು ಅಂತ ನಾನೇ ಆರೂವರೆಗೆ ವಿಡಿಯೋ ಕಾಲ್ ಮಾಡಿ ನೆನಪಿಸುತ್ತೇನೆ. ಹೇಗೂ ಎದ್ದಿರುತ್ತಾಳೆ, ಒಂದು ಗಂಟೆ ಮಾತಾಡುತ್ತೇವೆ. ಪಕ್ಕದ ಮನೆಯವರ ಮಗ ಮುಂದಿನ ವಾರ ಅಲ್ಲಿಗೇ ಹೋಗ್ತಿದ್ದಾನೆ. ಅವನ ಕೈಯಲ್ಲಿ ನಿದ್ದೆ ಮಾತ್ರೆ ಕಳಿಸಲೇ? ಮೆಲಟೋನಿನ್ ಒಳ್ಳೇದು ಅಂತಾಳೆ ನಾದಿನಿ. ಇನ್ನೊಬ್ಬರು ದೃಷ್ಟಿ ಆಗಿದೆ ಅಂತಾರೆ. ಐದು ದಿನ ಆಯಿತು. ಜೆಟ್‌ಲ್ಯಾಗ್ ಇಷ್ಟು ದಿನ ಇರುತ್ತಾ?

ಒಬ್ಬ ತಾಯಿ, ಬಸವನಗುಡಿ

ಉತ್ತರ: ಅಮ್ಮಾ, ನಿಮ್ಮ ಮಗಳ ತಲೆಗೆ ಏನೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದಿದ್ದನ್ನು ಕಾಫಿ ಕುಡಿಯುತ್ತಾ ನಿಧಾನವಾಗಿ ಓದಿ. ಫೈಲ್ ಮರೆಯುವುದು, ನಿಂತಲ್ಲೇ ತೂಕಡಿಸುವುದು, ಸಣ್ಣ ಮಾತಿಗೂ ಅಳು ಬರುವುದು, ಇವೆಲ್ಲ ನಿದ್ದೆಗೆಟ್ಟವರ ಲಕ್ಷಣ. ಪರೀಕ್ಷೆ ಹಿಂದಿನ ರಾತ್ರಿ ಓದಿದ ಮಕ್ಕಳನ್ನು ನೋಡಿದ್ದೀರಲ್ವಾ? ಕನ್ನಡಕ ತಲೆ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾರೆ. ಇದೂ ಅದೇ ಜಾತಿ.

ನಾನು ಇಲ್ಲಿ ಜನರಲ್ ಫಿಜಿಷಿಯನ್. ಆಗಸ್ಟ್, ಸೆಪ್ಟೆಂಬರ್ ಬಂತು ಅಂದರೆ ವಿದೇಶಕ್ಕೆ ಓದಲು ಹೊರಟ ಮಕ್ಕಳು ಕ್ಲಿನಿಕ್‌ಗೆ ಬರುತ್ತಾರೆ. ಲಸಿಕೆ ಬಗ್ಗೆ ಕೇಳುತ್ತಾರೆ. ಆರು ತಿಂಗಳ ಮಾತ್ರೆಗೆ ಚೀಟಿ ಬರೆಸಿಕೊಳ್ಳುತ್ತಾರೆ. ನಿದ್ದೆ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹೋಗಿ ಮೂರನೇ ದಿನಕ್ಕೆ ವಾಟ್ಸಾಪ್ ಬರುತ್ತದೆ, "ಡಾಕ್ಟರ್, ನಿದ್ದೆ ಬರ್ತಿಲ್ಲ" ಅಂತ. ಆ ಸಂದೇಶ ಬಂದ ಹೊತ್ತು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಯಾವಾಗಲೂ ನಮ್ಮ ಬೆಳಗಿನ ಆರೂವರೆ, ಏಳು.

ಈಗ ಲೆಕ್ಕಕ್ಕೆ ಬರೋಣ. ದೂರದ ಊರಿಗೆ ಹಾರಿದ ಮೇಲೂ ಮೈಯ ಗಡಿಯಾರ ಹಳೇ ಊರಿನ ಹೊತ್ತಿನಲ್ಲೇ ಉಳಿಯುವುದಕ್ಕೆ ಜೆಟ್‌ಲ್ಯಾಗ್ ಅನ್ನುತ್ತಾರೆ. ಈ ತಿಂಗಳಲ್ಲಿ ಬೆಂಗಳೂರಿಗೂ ಮ್ಯೂನಿಕ್‌ಗೂ ಇರುವ ವ್ಯತ್ಯಾಸ ಮೂರೂವರೆ ಗಂಟೆ. ನಾವು ಮುಂದೆ, ಅವರು ಹಿಂದೆ. ಅಮೆರಿಕದ ಹತ್ತು, ಹನ್ನೆರಡು ಗಂಟೆಗೆ ಹೋಲಿಸಿದರೆ ಇದು ಚಿಕ್ಕದು. ಅದರಲ್ಲೂ ಪಶ್ಚಿಮದ ಕಡೆ ಹೋಗುವುದು ಮೈಗೆ ಸುಲಭ. ಯಾಕೆ ಅಂದರೆ ನಮ್ಮ ಒಳಗಿನ ಗಡಿಯಾರದ ದಿನ ಸರಿಯಾಗಿ 24 ಗಂಟೆ ಅಲ್ಲ. ಹೆಚ್ಚಿನವರಲ್ಲಿ ಅದು ಹತ್ತು ಹನ್ನೆರಡು ನಿಮಿಷ ಜಾಸ್ತಿ. ಹಾಗಾಗಿ ದಿನವನ್ನು ಹಿಗ್ಗಿಸು ಅಂದರೆ ಒಪ್ಪುತ್ತದೆ, ಕುಗ್ಗಿಸು ಅಂದರೆ ಹಟ ಮಾಡುತ್ತದೆ. ರಾತ್ರಿ ತಡವಾಗಿ ಮಲಗುವುದು ಎಲ್ಲರಿಗೂ ಬರುತ್ತದೆ. ಬೇಗ ಮಲಗಿ ಅಂದರೆ ಮಾತ್ರ ಯಾರಿಗೂ ಆಗಲ್ಲ. ಪಶ್ಚಿಮಕ್ಕೆ ಹೋದಾಗ ಈ ಗಡಿಯಾರ ದಿನಕ್ಕೆ ಸುಮಾರು ಒಂದೂವರೆ ಗಂಟೆ ಸರಿಯುತ್ತದೆ. ಪೂರ್ವಕ್ಕಾದರೆ ಒಂದು ಗಂಟೆ ಅಷ್ಟೇ. ಅಂದರೆ ನಿಮ್ಮ ಮಗಳ ಮೂರೂವರೆ ಗಂಟೆ ಎರಡು ಮೂರು ದಿನದ ಕೆಲಸ. ಮಂಗಳವಾರ ಹೊತ್ತಿಗೆ ಮುಗಿಯಬೇಕಿತ್ತು.

ಮುಗಿದಿಲ್ಲ. ಯಾಕೆ? ಎರಡು ಕಾರಣ ಕಾಣುತ್ತಿದೆ. ಒಂದಕ್ಕೆ ಜೆಟ್‌ಲ್ಯಾಗ್ ಅನ್ನೋ ಹೆಸರೇ ತಪ್ಪು. ಇನ್ನೊಂದನ್ನು ಹೇಳಿದರೆ ನೀವು ಬೇಜಾರು ಮಾಡಿಕೊಳ್ಳಬಾರದು.

ಮೊದಲನೆಯದು ನಿದ್ದೆಯ ಸಾಲ. ಹೊರಡುವ ಹಿಂದಿನ ವಾರವನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಚಿಕ್ಕಪೇಟೆಗೆ ಎರಡು ಸಲ ಹೋಗಿರುತ್ತೀರಿ. ದೊಡ್ಡಪ್ಪ, ಚಿಕ್ಕಮ್ಮ, ಎದುರು ಮನೆಯವರು, ಎಲ್ಲರೂ ಸಂಜೆ ಬಂದು ರಾತ್ರಿ ಹತ್ತರ ತನಕ ಕೂತಿರುತ್ತಾರೆ. ಆಮೇಲೆ ಸೂಟ್‌ಕೇಸ್ ತೂಕ. 23 ಕೆ.ಜಿ.ಗೆ ಒಂದು ಕೆ.ಜಿ. ಹೆಚ್ಚಾಯಿತು ಅಂತ ರಾತ್ರಿ ಒಂದಕ್ಕೆ ಚಟ್ನಿಪುಡಿ ಡಬ್ಬ ತೆಗೆಯೋದು, ಮತ್ತೆ ತುರುಕೋದು. ಹೊರಡುವ ದಿನ ಮೂರು ಗಂಟೆ ವಿಮಾನಕ್ಕೆ ರಾತ್ರಿ ಒಂಬತ್ತಕ್ಕೇ ಮನೆ ಬಿಡಬೇಕು. ದೇವನಹಳ್ಳಿ ದಾರಿ ಯಾವಾಗ ಕೈ ಕೊಡುತ್ತೋ ಹೇಳೋಕಾಗಲ್ಲ. ವಿಮಾನದ ಹತ್ತು ಗಂಟೆಯಲ್ಲಿ ಕೂತುಕೊಂಡೇ ಮೂರು ಗಂಟೆ ಕಣ್ಣು ಮುಚ್ಚಿದರೆ ದೊಡ್ಡದು. ವಿಮಾನದೊಳಗಿನ ಗಾಳಿಯಲ್ಲಿ ತೇವ ತೀರಾ ಕಡಿಮೆ. ಒಳಗಿನ ಒತ್ತಡವೂ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಕೂತಷ್ಟು ಕಡಿಮೆ. ಅಂದರೆ ನಿಮ್ಮ ಮಗಳು ಮ್ಯೂನಿಕ್‌ನಲ್ಲಿ ಇಳಿಯುವ ಹೊತ್ತಿಗೇ ಎರಡು ರಾತ್ರಿಯ ನಿದ್ದೆ ಬಾಕಿ ಇಟ್ಟುಕೊಂಡಿದ್ದಳು. ಅವಳು ದೆಹಲಿಗೆ ಹೋಗಿದ್ದರೂ ಫೈಲ್ ಮರೆಯುತ್ತಿದ್ದಳು.

ಈ ಸಾಲಕ್ಕೆ ಮದ್ದು ನಿದ್ದೆಯೇ. ಎರಡು ಮೂರು ಒಳ್ಳೆಯ ರಾತ್ರಿ ಸಿಕ್ಕರೆ ಸಾಕು. ಆದರೆ ಆ ರಾತ್ರಿಗಳನ್ನು ಇನ್ನೊಂದು ಕಾರಣ ಹಾಳು ಮಾಡುತ್ತಿದೆ.

ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನಾನು ಎರಡು ಸಲ ಓದಿದೆ. "ನಾನೇ ಆರೂವರೆಗೆ ವಿಡಿಯೋ ಕಾಲ್ ಮಾಡಿ ನೆನಪಿಸುತ್ತೇನೆ." ನಿಮ್ಮ ಆರೂವರೆ ಅಂದರೆ ಅವಳಿಗೆ ಬೆಳಗಿನ ಜಾವ ಮೂರು. ಅವಳು ಎದ್ದಿರುತ್ತಾಳೆ, ನಿಜ. ಮೊದಲ ದಿನ ತಾನಾಗಿಯೇ ಎದ್ದಳು, ಅದೂ ಸಹಜ. ಅವಳ ಮೈ ಇನ್ನೂ ಬಸವನಗುಡಿಯಲ್ಲಿತ್ತು, ಅದಕ್ಕೆ ಬೆಳಗಾಗಿತ್ತು. ಆದರೆ ಆಮೇಲೆ ಏನಾಗುತ್ತದೆ ನೋಡಿ. ಫೋನ್ ರಿಂಗ್ ಆಗುತ್ತದೆ. ಅವಳು ಮುಖ ಕಾಣಲಿ ಅಂತ ರೂಮಿನ ದೀಪ ಹಾಕುತ್ತಾಳೆ. ಫೋನ್ ಕಣ್ಣಿಗೆ ಒಂದು ಅಡಿ ದೂರದಲ್ಲಿ. ನೀವು ಡಿಕಾಕ್ಷನ್ ಇಳಿಯುತ್ತಿರುವುದನ್ನು ತೋರಿಸುತ್ತೀರಿ, ಅವಳು ಕಿಟಕಿಯ ಹೊರಗಿನ ಕತ್ತಲು ತೋರಿಸುತ್ತಾಳೆ. ಮಾತ್ರೆ ನುಂಗುತ್ತಾಳೆ. ಮಾತ್ರೆ ಆಯಿತು, ಹಸಿವೆ ಅಂತ ಏನೋ ತಿನ್ನುತ್ತಾಳೆ. ನಾಲ್ಕು ಗಂಟೆ ಆಯಿತು. ಇನ್ನು ಮಲಗುವುದೆಲ್ಲಿ ಬಂತು?

ಇದರಲ್ಲಿ ನಿಜವಾಗಿ ತೊಂದರೆ ಕೊಡುವುದು ಬೆಳಕು. ಕಣ್ಣಿನಿಂದ ಮಿದುಳಿಗೆ ಹೋಗುವ ಎರಡು ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಅಕ್ಕಿ ಕಾಳಿಗಿಂತ ಸಣ್ಣದಾದ ಜೀವಕೋಶಗಳ ಗುಂಪೊಂದಿದೆ. ಅದೇ ಮೈಯ ಮುಖ್ಯ ಗಡಿಯಾರ. ನಿದ್ದೆ, ಹಸಿವು, ಮೈ ಬಿಸಿ, ಮಲವಿಸರ್ಜನೆ ಎಲ್ಲಕ್ಕೂ ಅದೇ ಹೊತ್ತು ಹೇಳುತ್ತದೆ. ಇಂಥ ಗಡಿಯಾರ ಜೀವಕೋಶದ ಒಳಗೆ ಹೇಗೆ ಓಡುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರು ಅಮೆರಿಕನ್ನರಿಗೆ, ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ, 2017ರಲ್ಲಿ ನೊಬೆಲ್ ಬಂತು. ಬಾಳೆಹಣ್ಣಿನ ಮೇಲೆ ಕೂರುತ್ತದಲ್ಲ, ಅದೇ ನೊಣ.

ಈ ಗಡಿಯಾರದ ಮುಳ್ಳು ತಿರುಗಿಸುವ ಕೈ ಅಂದರೆ ಬೆಳಕು. ಯಾವ ಹೊತ್ತಿನಲ್ಲಿ ಬೆಳಕು ಬೀಳುತ್ತದೆ ಅನ್ನುವುದರ ಮೇಲೆ ಅದು ಹಿಂದಕ್ಕೋ ಮುಂದಕ್ಕೋ ತಿರುಗುತ್ತದೆ. ನಾವು ದಿನಾ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ಮೈ ಬಿಸಿ ತೀರಾ ಇಳಿದಿರುತ್ತದೆ. ಆ ಬಿಂದುವಿಗಿಂತ ಮುಂಚೆ ಬಿದ್ದ ಬೆಳಕು "ಇನ್ನೂ ರಾತ್ರಿ ಆಗಿಲ್ಲ, ತಡ ಮಾಡು" ಅನ್ನುತ್ತದೆ. ಆಮೇಲೆ ಬಿದ್ದ ಬೆಳಕು "ಬೆಳಗಾಯಿತು, ಬೇಗ ಏಳು" ಅನ್ನುತ್ತದೆ. ಇಲ್ಲಿ ಆರೂವರೆಗೆ ಏಳುತ್ತಿದ್ದವಳಿಗೆ ಆ ಬಿಂದು ನಮ್ಮ ನಾಲ್ಕು ಗಂಟೆ ಆಸುಪಾಸು. ಮ್ಯೂನಿಕ್ ಲೆಕ್ಕದಲ್ಲಿ ಅದು ರಾತ್ರಿ ಹನ್ನೆರಡೂವರೆ. ಹಾಗಾಗಿ ಅಲ್ಲಿಯ ಮೂರು ಗಂಟೆಗೆ ಕಣ್ಣಿಗೆ ಬಿದ್ದ ಬೆಳಕು ಅವಳನ್ನು ಬೆಂಗಳೂರಿನ ಹೊತ್ತಿಗೇ ಕಟ್ಟಿಹಾಕುತ್ತದೆ. ಹಗಲೆಲ್ಲ ಮೈ ಒಂದೂವರೆ ಗಂಟೆ ಪಶ್ಚಿಮಕ್ಕೆ ಸರಿಯಲು ನೋಡುತ್ತದೆ. ರಾತ್ರಿ ಮೂರಕ್ಕೆ ದೀಪ, ಫೋನ್, ತಿಂಡಿ, ಮಾತು ಸೇರಿ ಮತ್ತೆ ಪೂರ್ವಕ್ಕೆ ಎಳೆಯುತ್ತವೆ. ಐದು ದಿನದಿಂದ ಈ ಹಗ್ಗ ಜಗ್ಗಾಟ ನಡೆದಿದೆ.

ಇದು ನಿಮ್ಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾವ ತಾಯಿಗೂ ಇದು ಹೊಳೆಯುವುದಿಲ್ಲ. ನನ್ನ ಹೆಂಡತಿಯೂ ನಮ್ಮ ಮಗನಿಗೆ ಇದನ್ನೇ ಮಾಡಿದಳು, ಮನೆಯಲ್ಲೇ ಡಾಕ್ಟರ್ ಇದ್ದರೂ.

ಮಾತ್ರೆಯ ವಿಷಯ ಈಗಲೇ ಮುಗಿಸಿಬಿಡುತ್ತೇನೆ, ಯಾಕೆಂದರೆ ಆ ಕರೆಗೆ ಅದೇ ನೆಪ. ಥೈರಾಯ್ಡ್ ಮಾತ್ರೆಯನ್ನು ಬೆಂಗಳೂರಿನ ಆರೂವರೆಗೇ ನುಂಗಬೇಕು ಅಂತೇನಿಲ್ಲ. ಥೈರಾಕ್ಸಿನ್ ಮೈಯಲ್ಲಿ ನಿಧಾನವಾಗಿ ಕರಗುವ ಔಷಧಿ. ಅರ್ಧ ಕಡಿಮೆಯಾಗಲು ಸುಮಾರು ಒಂದು ವಾರ ಬೇಕು. ಮೂರು ನಾಲ್ಕು ಗಂಟೆ ತಡವಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ನಾಳೆಯಿಂದ ಅಲ್ಲಿಯ ಬೆಳಿಗ್ಗೆ ಏಳಕ್ಕೆ ಬರೀ ನೀರಿನ ಜೊತೆ ತೆಗೆದುಕೊಳ್ಳಲಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದಕ್ಕೆ ನಾಲ್ಕು ಗಂಟೆ ಅಂತರ. ನೆನಪಿಸಲು ಅವಳ ಫೋನಿನ ಅಲಾರಂ ಸಾಕು. ಮುಂದೆ ಸುಸ್ತು, ಚಳಿ ತಡೆಯದಿರುವುದು ವಾರಗಟ್ಟಲೆ ಉಳಿದರೆ ಅಲ್ಲಿ ಟಿ.ಎಸ್.ಎಚ್. ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಲಿ. ಈಗ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು, ಫಿಟ್ಸ್ ಇರುವವರು ಮಾತ್ರ ಹೀಗೆ ತಾವೇ ಹೊತ್ತು ಬದಲಾಯಿಸಬಾರದು. ಅವರು ಹೊರಡುವ ಮುಂಚೆಯೇ ತಮ್ಮ ಡಾಕ್ಟರ್ ಹತ್ತಿರ ಹೊತ್ತಿನ ಪಟ್ಟಿ ಬರೆಸಿಕೊಳ್ಳಬೇಕು. ಫಿಟ್ಸ್ ಇದ್ದವರಿಗೆ ನಿದ್ದೆ ಕೆಡುವುದೇ ಒಂದು ಅಪಾಯ.

ಇನ್ನು ಬೆಳಗಿನ ಜಾವ ಎಚ್ಚರ ಆದರೆ ಏನು ಮಾಡಬೇಕು? ಎಚ್ಚರ ಆಗುತ್ತದೆ, ಇನ್ನೂ ಎರಡು ದಿನ ಆಗಬಹುದು. ದೀಪ ಹಾಕದೆ ಮಲಗಿಯೇ ಇರಲಿ. ಬಾತ್‌ರೂಮಿಗೆ ಹೋಗಬೇಕಾದರೆ ಸಣ್ಣ ಬೆಳಕು ಸಾಕು. ಫೋನ್ ಕೋಣೆಯ ಆಚೆ ಮೂಲೆಯಲ್ಲಿ ಚಾರ್ಜ್‌ಗೆ ಹಾಕಿಟ್ಟಿರಲಿ. ತೀರಾ ಹಸಿವಾದರೆ ಒಂದು ಬಾಳೆಹಣ್ಣು, ಊಟ ಬೇಡ. ಕತ್ತಲಲ್ಲಿ ಕಿವಿಗೆ ಏನಾದರೂ ಹಾಕಿಕೊಂಡು ಕೇಳಬಹುದು. ನಿದ್ದೆ ಬರಲೇಬೇಕು ಅಂತ ಹಟ ಹಿಡಿಯಬಾರದು. ಕತ್ತಲಲ್ಲಿ ಸುಮ್ನೆ ಮಲಗಿದ್ದರೂ ಗಡಿಯಾರಕ್ಕೆ "ಇದು ರಾತ್ರಿ" ಅನ್ನೋ ಸುದ್ದಿ ಹೋಗುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಸೂರ್ಯ ಹುಟ್ಟೋದೇ ಏಳು ಗಂಟೆ ಹೊತ್ತಿಗೆ. ನಮ್ಮಲ್ಲಿ ಆರಕ್ಕೇ ಬೆಳಕು ಹರಿದಿರುತ್ತದೆ. ಹಾಗಾಗಿ ಅಲ್ಲಿಯ ಕತ್ತಲೇ ಅವಳಿಗೆ ಸಹಾಯ ಮಾಡುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. "ಬೆಳಿಗ್ಗೆ ಬೇಗ ಎದ್ದು ಸೂರ್ಯನ ಬೆಳಕಿಗೆ ನಿಂತರೆ ಜೆಟ್‌ಲ್ಯಾಗ್ ಹೋಗುತ್ತದೆ" ಅಂತ ಎಲ್ಲ ಕಡೆ ಓದುತ್ತೀರಿ. ಅದು ಪೂರ್ವಕ್ಕೆ ಹೋದವರಿಗೆ ಹೆಚ್ಚು ಉಪಯೋಗ. ಅವರಿಗೂ ಎಷ್ಟು ದೂರ ಹೋಗಿದ್ದಾರೆ ಅನ್ನುವುದರ ಮೇಲೆ ಹೊತ್ತು ಬದಲಾಗುತ್ತದೆ. ಇಲ್ಲಿಂದ ಯೂರೋಪಿಗೆ ಹೋದವರಿಗೆ ಬೇಕಾಗಿರುವುದು ಸಂಜೆಯ ಬೆಳಕು. ಮಧ್ಯಾಹ್ನ ನಾಲ್ಕರಿಂದ ಏಳರ ತನಕ ಅವಳು ರೂಮಿನಲ್ಲಿ ಇರಲೇಬಾರದು. ಆ ಹೊತ್ತು ಅವಳ ಮೈಗೆ ರಾತ್ರಿ ಏಳೂವರೆಯಿಂದ ಹತ್ತೂವರೆ. ಹಾಸಿಗೆ ಕಂಡರೆ ಬಿದ್ದುಬಿಡುತ್ತಾಳೆ. ಮೊದಲ ದಿನ ಆಗಿದ್ದೂ ಅದೇ.

ಆದ್ದರಿಂದ ಊರು ನೋಡುವುದನ್ನು ಸಂಜೆಗೆ ಇಟ್ಟುಕೊಳ್ಳಲಿ. ಮರೀಯೆನ್‌ಪ್ಲಾಟ್ಸ್‌ನ ಆ ಗಡಿಯಾರ ಹನ್ನೊಂದಕ್ಕೆ, ಹನ್ನೆರಡಕ್ಕೆ ಕುಣಿಯುತ್ತದೆ. ಮಾರ್ಚ್‌ನಿಂದ ಅಕ್ಟೋಬರ್ ತನಕ ಸಂಜೆ ಐದಕ್ಕೂ ಒಂದು ಆಟ ಇದೆ. ಅದರಲ್ಲಿ ಬಾರಿಸುವ ಗಂಟೆಗಳು 43, ಗೊಂಬೆಗಳು 32. ಕೊನೆಯಲ್ಲಿ ಮೇಲೆ ಒಂದು ಚಿನ್ನದ ಹುಂಜ ಕೂಗುತ್ತದೆ. ನಿಮ್ಮ ಮಗಳು ಅದನ್ನು ನೋಡಿರಲಿಕ್ಕಿಲ್ಲ, ಅಷ್ಟರಲ್ಲಿ ತೂಕಡಿಸಿದ್ದಳಲ್ಲ. ಐದರ ಆಟಕ್ಕೆ ಮತ್ತೊಮ್ಮೆ ಹೋಗಲಿ. ಅಲ್ಲಿಂದ ಕಾಲ್ನಡಿಗೆಯಲ್ಲಿ ಇಂಗ್ಲಿಷ್ ಗಾರ್ಡನ್ ಅನ್ನೋ ಉದ್ಯಾನ. ಹತ್ತಿರಹತ್ತಿರ ನಾಲ್ಕು ಲಾಲ್‌ಬಾಗ್‌ನಷ್ಟು ದೊಡ್ಡದು. ಇಲ್ಲದಿದ್ದರೆ ಈಸಾರ್ ನದಿ ದಂಡೆ. ಕತ್ತಲಾಗುವ ತನಕ ಜನ ಓಡಾಡುವ ಕಡೆಯೇ ನಡೆಯಲಿ, ಒಳದಾರಿಗೆ ಇಳಿಯುವುದು ಬೇಡ. ಕಿವಿ ಮುಚ್ಚುವ ಟೋಪಿ, ಜಾಕೆಟ್ ಇರಲಿ. ಚಳಿ ಅಂತ ರೂಮು ಸೇರಿಕೊಂಡರೆ ಕಥೆ ಮತ್ತೆ ಶುರು. ಎಂಟು ಗಂಟೆಗೆ ಊಟ, ಹತ್ತಕ್ಕೆ ಹಾಸಿಗೆ. ಮೊದಲ ಎರಡು ದಿನ ಒಂಬತ್ತೂವರೆಗೆ ಮಲಗಿದರೂ ತಪ್ಪಿಲ್ಲ.

ಅಂಗಡಿಯ ವಿಷಯವೂ ಹೇಳಿಬಿಡಿ. ಅಲ್ಲಿ ಮಾಮೂಲಿ ದಿನ ರಾತ್ರಿ ಎಂಟಕ್ಕೆ ದಿನಸಿ ಅಂಗಡಿಗಳ ಬಾಗಿಲು ಬೀಳುತ್ತದೆ. ಭಾನುವಾರ ಪೂರ್ತಿ ರಜ. ನಮ್ಮ ಹಾಗೆ ಮೂಲೆ ಅಂಗಡಿಗೆ ಹತ್ತು ಗಂಟೆಗೆ ಹೋಗಿ ಹಾಲು ತರೋ ವ್ಯವಸ್ಥೆ ಇಲ್ಲ. ತೀರಾ ಬೇಕಾದರೆ ಮುಖ್ಯ ರೈಲು ನಿಲ್ದಾಣದ ಒಳಗಿನ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ. ಇದು ನಿದ್ದೆಗೆ ಸಂಬಂಧವಿಲ್ಲದ ಮಾತು ಅನ್ನಿಸಬಹುದು. ಆದರೆ ಹೊಟ್ಟೆಗೂ ಒಂದು ಗಡಿಯಾರ ಇದೆ. ಅಲ್ಲಿಯ ಹೊತ್ತಿಗೆ ಸರಿಯಾಗಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಬಿದ್ದರೆ ಮೈ ಬೇಗ ಹೊಂದಿಕೊಳ್ಳುತ್ತದೆ. ಮೂರು ಹೊತ್ತೂ ಚಕ್ಕುಲಿ ತಿಂದರೆ ಮಲಬದ್ಧತೆ ಗ್ಯಾರಂಟಿ. ಅದನ್ನೂ ಮಕ್ಕಳು ಜೆಟ್‌ಲ್ಯಾಗ್ ಖಾತೆಗೇ ಹಾಕುತ್ತಾರೆ.

ಹಗಲು ನಿದ್ದೆ ಮಾಡಲೇಬಾರದು ಅನ್ನೋದು ಇನ್ನೊಂದು ಅತಿ. "ಮೊದಲ ದಿನ ಏನೇ ಆದರೂ ಮಲಗಬೇಡ" ಅಂತ ಗೆಳೆಯರು ಹೇಳಿಕೊಡುತ್ತಾರೆ. ಎರಡು ರಾತ್ರಿ ಕಣ್ಣು ಮುಚ್ಚದವರನ್ನು ಗೊತ್ತಿಲ್ಲದ ಊರಿನಲ್ಲಿ ಹನ್ನೆರಡು ಗಂಟೆ ಅಲೆಸಿದರೆ ಏನಾದರೂ ಅನಾಹುತ ಆಗುತ್ತದೆ. ಇಳಿದ ದಿನ ಮಧ್ಯಾಹ್ನಕ್ಕೆ ಮುಂಚೆ ಒಂದೂವರೆ ಗಂಟೆ ಮಲಗಲಿ, ಪರವಾಗಿಲ್ಲ. ಆಮೇಲಿನ ದಿನಗಳಲ್ಲಿ ಇಪ್ಪತ್ತು, ಮೂವತ್ತು ನಿಮಿಷ, ಅದೂ ಮಧ್ಯಾಹ್ನ ಎರಡರ ಒಳಗೆ. ಅಲಾರಂ ಕೈಗೆ ಸಿಗದ ದೂರದಲ್ಲಿರಲಿ. ಹೊದಿಕೆ ಹೊದ್ದು, ಪರದೆ ಎಳೆದು ಮಲಗಿದರೆ ಇಪ್ಪತ್ತು ನಿಮಿಷ ನಾಲ್ಕು ಗಂಟೆ ಆಗುತ್ತದೆ. ಕುರ್ಚಿಯಲ್ಲಿ ಒರಗಿದರೆ ಸಾಕು.

ನನ್ನದೂ ಒಂದು ಕಥೆ ಇದೆ. 2004ರಲ್ಲಿ ಒಂದು ಸಮ್ಮೇಳನಕ್ಕೆ ವಿಯೆನ್ನಾಗೆ ಹೋಗಿದ್ದೆ. ಇಳಿದ ದಿನ ಮಲಗದೆ ಊರು ನೋಡುತ್ತೇನೆ ಅಂತ ಹಟ. ಆಪೆರಾ ಕಟ್ಟಡದ ಮುಂದೆ ಟ್ರಾಮ್ ಹತ್ತಿದೆ. ಬೆಚ್ಚಗಿತ್ತು. ಕಣ್ಣು ಬಿಟ್ಟಾಗ ಮತ್ತೆ ಅದೇ ಆಪೆರಾ ಮುಂದೆ ಇದ್ದೆ. ಟ್ರಾಮ್ ಹೊರಟೇ ಇಲ್ಲ ಅಂದುಕೊಂಡು ಡ್ರೈವರ್ ಕಡೆ ಸಿಟ್ಟಿನಿಂದ ನೋಡಿದೆ. ಆಗ 1, 2ನೇ ನಂಬರಿನ ಟ್ರಾಮ್‌ಗಳು ರಿಂಗ್ ರಸ್ತೆಯನ್ನು ಪೂರ್ತಿ ಒಂದು ಸುತ್ತು ಹಾಕುತ್ತಿದ್ದವು. ಅರಮನೆ, ಪಾರ್ಲಿಮೆಂಟು, ನಗರಸಭೆ ಎಲ್ಲ ಬಂದು ಹೋಗಿದ್ದವು, ನಾನು ಗೊರಕೆ ಹೊಡೆಯುತ್ತಿದ್ದೆ. 2008ರಲ್ಲಿ ಆ ಸುತ್ತು ನಿಲ್ಲಿಸಿದರು. ನನಗೆ ಮಾತ್ರ ಆ ಟ್ರಾಮಿನ ಮೇಲೆ ಈಗಲೂ ಪ್ರೀತಿ.

ನಗುವ ಕಥೆ ಬಿಡಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆ ತಂದಿದ್ದು ಸೈಕಲ್ ವಿಷಯ. ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತವೆ. ರಸ್ತೆ ದಾಟುವಾಗ ನಮ್ಮ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಜರ್ಮನಿಯಲ್ಲಿ ಗಾಡಿ ಓಡುವುದು ಬಲಕ್ಕೆ, ಅಂದರೆ ಮೊದಲ ಕಾರು ಬರುವುದು ನಮ್ಮ ಎಡದಿಂದ. ಚೆನ್ನಾಗಿ ನಿದ್ದೆ ಮಾಡಿದವರಿಗೇ ಇದು ರೂಢಿಯಾಗಲು ವಾರ ಬೇಕು. ನಿದ್ದೆಗೆಟ್ಟವರ ಕತ್ತು ಹಳೇ ಅಭ್ಯಾಸದಂತೆ ಬಲಕ್ಕೇ ತಿರುಗುತ್ತದೆ. ಅದರ ಜೊತೆಗೆ ಫುಟ್‌ಪಾತ್ ಪಕ್ಕದಲ್ಲೇ ಸೈಕಲ್ ದಾರಿ. ಕೆಲವು ಕಡೆ ಕೆಂಪು ಬಣ್ಣ, ಕೆಲವು ಕಡೆ ಬರೀ ಒಂದು ಗೆರೆ. ಅದರ ಮೇಲೆ ನಾವು ಮೆಲ್ಲಗೆ ನಡೆಯುತ್ತಾ ಹೋದರೆ ಬೈಸಿಕೊಳ್ಳಲೇಬೇಕು. ಈ ವಾರ ಅವಳು ಸಿಗ್ನಲ್ ಇರುವ ಕಡೆ ಮಾತ್ರ ದಾಟಲಿ. ದಾಟುವಾಗ ಕಿವಿಯಲ್ಲಿ ಏನೂ ಇರುವುದು ಬೇಡ. ಗೆಳೆಯರ ಸೈಕಲ್, ಸ್ಕೂಟರ್ ಓಡಿಸುವುದು ಮುಂದಿನ ವಾರಕ್ಕೆ ಇರಲಿ. ನಾನು ನೋಡಿದ ಮಟ್ಟಿಗೆ ಹೊಸದಾಗಿ ಹೋದ ಮಕ್ಕಳಿಗೆ ಮಾತ್ರೆಗಿಂತ ಈ ಒಂದು ಎಚ್ಚರಿಕೆ ಮುಖ್ಯ.

ಕಾಗದಪತ್ರದ ಕೆಲಸಕ್ಕೂ ಇದೇ ಮಾತು. ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು ಅನ್ನೋ ನಿಯಮ ಅಲ್ಲಿದೆ. ಬ್ಯಾಂಕು, ವಿಮೆ, ಯೂನಿವರ್ಸಿಟಿ ಕೆಲಸವೂ ಸಾಲಾಗಿ ಬರುತ್ತವೆ. ಅವಳ ತಲೆ ಚುರುಕಾಗಿರುವುದು ಅಲ್ಲಿಯ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ತನಕ. ಸಹಿ ಹಾಕುವ, ದುಡ್ಡು ಕಟ್ಟುವ ಕೆಲಸವೆಲ್ಲ ಆಗಲೇ ಆಗಲಿ. ಮೂಲ ಸರ್ಟಿಫಿಕೇಟ್ ರೂಮಿನಲ್ಲಿರಲಿ, ಬೇಕಾದ ದಿನ ಮಾತ್ರ ಹೊರಗೆ. ಬ್ಯಾಗ್ ಪಕ್ಕದ ಸೀಟಿನ ಮೇಲೆ ಇಡದೆ ತೊಡೆ ಮೇಲೆ ಇಟ್ಟುಕೊಳ್ಳಲಿ. ಕಾಗದದ ಟಿಕೆಟ್ ಇದ್ದರೆ ಹತ್ತುವ ಮುಂಚೆ ಮುದ್ರೆ ಒತ್ತುವ ಯಂತ್ರಕ್ಕೆ ಹಾಕಬೇಕು. ನಿದ್ದೆಗಣ್ಣಿನಲ್ಲಿ ಅದು ಮರೆತು ಸಿಕ್ಕಿಬಿದ್ದರೆ 60 ಯೂರೋ ದಂಡ. ಟಿಕೆಟ್ ಇತ್ತು ಅಂದರೂ ಕೇಳುವುದಿಲ್ಲ.

ಈಗ ನಿದ್ದೆ ಮಾತ್ರೆ. ಪಕ್ಕದ ಮನೆ ಹುಡುಗನ ಕೈಯಲ್ಲಿ ಕಳಿಸಬೇಡಿ. ಇಲ್ಲಿ ಜನ ನಿದ್ದೆ ಮಾತ್ರೆ ಅಂತ ಕೇಳುವುದು ಸಾಮಾನ್ಯವಾಗಿ ಆಲ್ಪ್ರಜೋಲಾಂ. ಇದು ನಿದ್ದೆ ಬರಿಸುತ್ತದೆ, ಗಡಿಯಾರವನ್ನು ಒಂದು ನಿಮಿಷವೂ ಸರಿಸುವುದಿಲ್ಲ. ಮಾರನೇ ದಿನ ಮಂಪರು, ಮರೆವು ಜಾಸ್ತಿ. ಅವಳಿಗೆ ಈಗಾಗಲೇ ಇರುವ ತೊಂದರೆಯೇ ಅದು. ಕೆಲವು ವಾರ ತೆಗೆದುಕೊಂಡರೆ ಬಿಡುವುದು ಕಷ್ಟ. ಹೊಸ ಊರಿನ ಒಂಟಿತನದಲ್ಲಿ ಇಂಥ ಮಾತ್ರೆ ಅಭ್ಯಾಸವಾದವರನ್ನು ನೋಡಿದ್ದೇನೆ. ಮೇಲಾಗಿ ಅದು ಕಾನೂನಿನ ನಿಯಂತ್ರಣದಲ್ಲಿರುವ ಔಷಧಿ. ಬೇರೆಯವರ ಹೆಸರಿನ ಮಾತ್ರೆ ಚೀಟಿ ಇಲ್ಲದೆ ಬ್ಯಾಗಿನಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವನು ಆ ಹುಡುಗ. ಪಾಪ, ಅವನಿಗೂ ಅದು ಮೊದಲ ಪ್ರಯಾಣ. ನೆಗಡಿಯ ಮಾತ್ರೆ ನುಂಗಿ ಮಲಗುವುದೂ ಬೇಡ. ಅದರ ಮಂಪರು ಮಧ್ಯಾಹ್ನದ ತನಕ ಎಳೆಯುತ್ತದೆ.

ಮೆಲಟೋನಿನ್ ಬೇರೆ ಜಾತಿ. ಅದು ಮೈಯೇ ರಾತ್ರಿ ಹೊತ್ತು ತಯಾರಿಸುವ ಹಾರ್ಮೋನ್, ಗಡಿಯಾರದ ಮೇಲೆ ಸ್ವಲ್ಪ ಹಿಡಿತವೂ ಇದೆ. ನಿಮ್ಮ ನಾದಿನಿ ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಅದರ ಉಪಯೋಗ ಚೆನ್ನಾಗಿ ಕಂಡಿರುವುದು ಐದಕ್ಕಿಂತ ಹೆಚ್ಚು ಗಂಟೆಯ ವ್ಯತ್ಯಾಸ ದಾಟಿದವರಲ್ಲಿ, ಅದರಲ್ಲೂ ಪೂರ್ವಕ್ಕೆ ಹೋದವರಲ್ಲಿ. ಮೂರೂವರೆ ಗಂಟೆಗೆ, ಪಶ್ಚಿಮಕ್ಕೆ, ನಾನು ಬರೆಯುವುದಿಲ್ಲ. ತಪ್ಪು ಹೊತ್ತಿನಲ್ಲಿ ತೆಗೆದುಕೊಂಡರೆ ಗಡಿಯಾರ ಉಲ್ಟಾ ತಿರುಗುತ್ತದೆ. ಸಂಜೆ ಆರಕ್ಕೇ ನುಂಗಿದರೆ ಅವಳು ಇನ್ನೂ ಬೇಗ ಎದ್ದು ಕೂರುತ್ತಾಳೆ. ತಲೆನೋವು, ಮಂಪರು ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಫಿಟ್ಸ್ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಕಾಫಿಗೆ ನನ್ನ ಅಡ್ಡಿ ಇಲ್ಲ. ಕುಡಿದ ಕಾಫಿಯ ಅರ್ಧ ಪ್ರಭಾವ ಐದು ಗಂಟೆ ಆದ ಮೇಲೂ ಮೈಯಲ್ಲಿರುತ್ತದೆ, ಹಾಗಾಗಿ ಮಧ್ಯಾಹ್ನ ಎರಡಕ್ಕೆ ಕೊನೆಯ ಲೋಟ. ಇನ್ನು ಇದು ನಿಮ್ಮ ಮಗಳಿಗಲ್ಲ, ಓದುತ್ತಿರುವ ಬೇರೆ ಮಕ್ಕಳಿಗೆ. ಸೆಪ್ಟೆಂಬರ್ ಕೊನೆಯ ಮ್ಯೂನಿಕ್ ಅಂದರೆ ಅಕ್ಟೋಬರ್‌ಫೆಸ್ಟ್. ಅಲ್ಲಿ ಬಿಯರ್ ಕೊಡುವುದೇ ಒಂದು ಲೀಟರ್ ಗ್ಲಾಸಿನಲ್ಲಿ. ಕುಡಿದರೆ ನಿದ್ದೆ ಬೇಗ ಬರುತ್ತದೆ, ನಿಜ. ರಾತ್ರಿಯ ಉತ್ತರಾರ್ಧದಲ್ಲಿ ಅದೇ ಬಿಯರ್ ಎಬ್ಬಿಸಿ ಕೂರಿಸುತ್ತದೆ. ಮೊದಲೇ ಮೂರಕ್ಕೆ ಏಳುವವರಿಗೆ ಇದರ ಅಗತ್ಯ ಇಲ್ಲ.

ದೃಷ್ಟಿ ತೆಗೆಯುವುದಾದರೆ ತೆಗೆಯಿರಿ. ಉಪ್ಪು ಮೆಣಸಿನಕಾಯಿಯಿಂದ ಯಾರಿಗೂ ಅಡ್ಡ ಪರಿಣಾಮ ಆಗಿದ್ದು ನಾನು ನೋಡಿಲ್ಲ. ಆದರೆ ಅದನ್ನೂ ವಿಡಿಯೋ ಕಾಲ್‌ನಲ್ಲಿ ಮೂರು ಗಂಟೆಗೆ ಮಾಡಬೇಡಿ.

ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಅಂತಲೂ ಕೇಳಬಹುದು. ತಾನಾಗಿಯೇ ಸರಿಹೋಗುತ್ತದೆ. ತರಗತಿ ಶುರುವಾಗುವುದು ಅಕ್ಟೋಬರ್ ನಡುವಿನಲ್ಲಿ, ಆ ಹೊತ್ತಿಗೆ ಬೇರೆ ದಾರಿಯಿಲ್ಲದೆ ಹೊಂದಿಕೊಳ್ಳುತ್ತಾಳೆ. ಅಲ್ಲಿಯ ತನಕ ರಸ್ತೆ, ಕಾಗದ, ದುಡ್ಡು ಮೂರರಲ್ಲೂ ಎಡವುವ ಸಾಧ್ಯತೆ ಇರುತ್ತದೆ. ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ, ಬೆಂಗಳೂರಿನ ಹೊತ್ತಿನಲ್ಲೇ ಇದ್ದುಬಿಡುತ್ತಾರೆ. ಸಂಜೆ ಏಳಕ್ಕೆ ಮಲಗಿ ಮೂರಕ್ಕೆ ಎದ್ದು ಓದುವುದು. ನಮ್ಮೂರಿನಲ್ಲಿ ಅಮೆರಿಕದ ಶಿಫ್ಟ್ ಮಾಡುವ ಟೆಕ್ಕಿಗಳು ವಿಮಾನ ಹತ್ತದೆಯೇ ವರ್ಷಗಟ್ಟಲೆ ಹೀಗೆ ಬದುಕುತ್ತಾರೆ. ಅವರ ಹೊಟ್ಟೆ ಉರಿ, ಸಿಡುಕು, ತೂಕ ನಾನು ದಿನಾ ನೋಡುತ್ತೇನೆ. ವಿದ್ಯಾರ್ಥಿಗೆ ಇನ್ನೂ ಒಂದು ನಷ್ಟ ಇದೆ. ಗೆಳೆಯರಾಗುವುದು ಸಂಜೆ ಹೊತ್ತು. ಆಗ ಮಲಗಿದ್ದರೆ ಯಾರ ಪರಿಚಯವೂ ಆಗುವುದಿಲ್ಲ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯಬಾರದು. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುವುದು, ಇದ್ದಕ್ಕಿದ್ದ ಹಾಗೆ ಉಸಿರಾಟದ ತೊಂದರೆ, ಎದೆನೋವು. ಬಹಳ ಹೊತ್ತು ಕೂತು ಪ್ರಯಾಣ ಮಾಡಿದವರಿಗೆ ಅಪರೂಪಕ್ಕೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಪ್ರಯಾಣ ಮುಗಿದು ಕೆಲವು ವಾರದ ತನಕ ಇದು ಆಗಬಹುದು. ಉಸಿರು, ಎದೆನೋವಿಗೆ 112ಕ್ಕೆ ಫೋನ್. ತುರ್ತು ಅಲ್ಲದ, ಆದರೆ ರಾತ್ರಿಯೋ ವಾರಾಂತ್ಯವೋ ಡಾಕ್ಟರ್ ಬೇಕಾದರೆ ಜರ್ಮನಿಯಲ್ಲಿ 116117. ಎರಡೂ ನಂಬರ್ ಅವಳ ಫೋನಿನಲ್ಲಿರಲಿ. ಅಳುವಿನ ಬಗ್ಗೆಯೂ ಒಂದು ಮಾತು. ಬೆಳಗಿನ ಜಾವ ನಿದ್ದೆಗೆಟ್ಟು ಕೂತವರಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಅಮ್ಮನ ಮುಖ ಕಂಡರೆ ಅಳು ಬರದೆ ಇನ್ನೇನು? ಆದರೆ ನಿದ್ದೆ ಸರಿಯಾದ ಮೇಲೂ ಎರಡು ವಾರಕ್ಕೆ ಮೀರಿ ಊಟ ಸೇರದೆ, ಹೊರಗೆ ಹೋಗಲು ಮನಸ್ಸಿಲ್ಲದೆ ಇದ್ದರೆ ಅದನ್ನು ಜೆಟ್‌ಲ್ಯಾಗ್ ಅನ್ನಬೇಡಿ. ಅಲ್ಲಿಯ ಯೂನಿವರ್ಸಿಟಿಯವರು ಸಲಹೆಗಾರರನ್ನು ತೋರಿಸಿಕೊಡುತ್ತಾರೆ, ಹೋಗಿ ಮಾತಾಡಲಿ.

ಇನ್ನು ನಿಮ್ಮ ಕರೆ. ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಹೊತ್ತು ಬದಲಾಯಿಸಿ. ನಮ್ಮ ರಾತ್ರಿ ಹತ್ತಕ್ಕೆ ಮಾಡಿ. ಅವಳಿಗೆ ಆಗ ಸಂಜೆ ಆರೂವರೆ, ಅವಳು ಎಚ್ಚರವಾಗಿರಲು ಒದ್ದಾಡುತ್ತಿರುವ ಹೊತ್ತು. "ಹೊರಗಡೆ ಬೆಂಚಿನ ಮೇಲೆ ಕೂತು ಮಾತಾಡು, ನದಿ ತೋರಿಸು" ಅನ್ನಿ. ಬೆಳಗಿನ ಜಾವ ನಿದ್ದೆ ಕೆಡಿಸುತ್ತಿದ್ದ ಮಾತು ಸಂಜೆ ಅವಳನ್ನು ಎಚ್ಚರವಾಗಿಡುತ್ತದೆ. ಬೆಳಿಗ್ಗೆ ಆರೂವರೆಗೆ ನಿಮ್ಮ ಕೈ ಫೋನಿನ ಕಡೆ ಹೋಗುತ್ತದೆ, ಗೊತ್ತು. ಒಂದು ವಾರ ತಡೆದುಕೊಳ್ಳಿ. ಅವಳೇ ಮೂರಕ್ಕೆ ಫೋನ್ ಮಾಡಿದರೆ ಎತ್ತಿ, ಆದರೆ ವಿಡಿಯೋ ಬೇಡ, ಎರಡು ಮಾತು ಸಾಕು.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆವತ್ತಿನಿಂದ ವ್ಯತ್ಯಾಸ ನಾಲ್ಕೂವರೆ ಗಂಟೆ. ಸಂಜೆ ಐದಕ್ಕೆಲ್ಲ ಕತ್ತಲು. ಅವಳ ಆರೂವರೆ ಆಗ ನಿಮಗೆ ರಾತ್ರಿ ಹನ್ನೊಂದು. ಅಷ್ಟು ಹೊತ್ತು ಕಾಯುವುದು ನಿಮಗೆ ಕಷ್ಟವಾದರೆ ಅವಳಿಗೆ ಐದೂವರೆಗೆ, ನಿಮಗೆ ಹತ್ತಕ್ಕೆ ಇಟ್ಟುಕೊಳ್ಳಿ. ನಿಮ್ಮ ನಿದ್ದೆಯೂ ಕೆಡಬಾರದಲ್ವಾ?